ಒಬ್ಬರೇ ಮನುಷ್ಯ, ಎರಡು ಚೌಕ

ಹೋದ ತಿಂಗಳು ನಿಮ್ಮಪ್ಪ ಉಪ್ಪಿಟ್ಟು ತಿನ್ನುತ್ತಾ, ಫೋನ್ ನೋಡಿಕೊಂಡು, "ಮೇಲಿನ ಮನೇಲಿದ್ರಲ್ಲ ಬಯಾಲಜಿ ಮೇಡಂ, ಹೋಗ್ಬಿಟ್ರಂತೆ" ಎಂದ. ಮುಂದಿನ ತುತ್ತಿಗೆ ಚಟ್ನಿ ಕೇಳಿದ. ಸಿಂಚನಾ, ನೀನು "ಯಾವ ಮೇಡಂ?" ಎಂದೆ. ಚಿರಾಗ್, ನೀನು ತಲೆ ಎತ್ತಲೂ ಇಲ್ಲ. ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ, ಅವರು ಮನೆ ಬಿಟ್ಟಾಗ ನಿಮಗೆ ಆರು ವರ್ಷ, ನಾಲ್ಕು ವರ್ಷ. ಆದರೆ ಆ ಹೆಂಗಸು ಎಂಟು ವರ್ಷ ನಮ್ಮ ತಲೆಯ ಮೇಲೆ ನಡೆದಾಡಿದರು. ನಮ್ಮ ಮನೆಯ ಒಂದು ದೊಡ್ಡ ತಪ್ಪಿನಲ್ಲಿ ಅವರ ಪಾಲಿದೆ, ನನ್ನ ಪಾಲೂ ಇದೆ. ಅದನ್ನು ಹೀಗೆ ಉಪ್ಪಿಟ್ಟಿನ ಜೊತೆ ನುಂಗಿಬಿಡಲು ನನ್ನಿಂದ ಆಗಲಿಲ್ಲ. ಬಾಯಲ್ಲಿ ಹೇಳುವ ಧೈರ್ಯ ನನಗೆ ಯಾವತ್ತೂ ಇಲ್ಲ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಬರೆಯುವುದಾದರೂ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಮಾತಾಡಿಸಿದವರು ಈ ಇಟ್ಟಮಡುವಿನಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಮೇಡಂ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ವರ್ಷವೇ ನಮ್ಮ ಮಹಡಿಗೆ ಬಾಡಿಗೆಗೆ ಬಂದರು. ಮದುವೆಯಾಗಿರಲಿಲ್ಲ. ಮೂರು ಬೀರು ಪುಸ್ತಕ, ಒಂದು ಮಂಚ, ಹತ್ತು ಹದಿನೈದು ಕುಂಡ ಬಟಾಣಿ ಗಿಡ. ಮಾತಿನ ನಡುವೆ ಬಲಗೈ ಬೆರಳ ತುದಿಗಳನ್ನು ಒಟ್ಟಿಗೆ ಹಿಡಿದು ಉಫ್ ಎಂದು ಊದಿಕೊಳ್ಳುತ್ತಿದ್ದರು. ಸೀಮೆಸುಣ್ಣದ ಪುಡಿ ಊದಿ ಊದಿ ಅಭ್ಯಾಸವಾದದ್ದು. ಸೀಮೆಸುಣ್ಣ ಬಿಟ್ಟರೂ ಊದುವುದನ್ನು ಬಿಡಲಿಲ್ಲ. ನಿಮ್ಮ ಮಂಜು ಅತ್ತೆ ಮೊದಲ ವಾರವೇ ಅವರಿಗೆ ಅದನ್ನೇ ಹೆಸರಾಗಿ ಇಟ್ಟುಬಿಟ್ಟಳು. ಬೆರಳು ಜೋಡಿಸಿ ಊದಿದಳೆಂದರೆ ಮೇಡಂ ಎಂದು ಅರ್ಥ.

ಮಂಜುಳನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅವಳ ಕೈಮಾತಿನಲ್ಲಿ ನಮಗೆಲ್ಲ ಒಂದೊಂದು ಹೆಸರಿದೆ. ನನ್ನದು ಸೆರಗು ಎಳೆದುಕೊಳ್ಳುವುದು. ನಿಮ್ಮಪ್ಪನದು ಹೊಟ್ಟೆ.

ಮೇಡಮ್ಮಿಗೆ ಯಾವುದನ್ನೂ ಸುಮ್ಮನೆ ಬಿಡಲು ಬರುತ್ತಿರಲಿಲ್ಲ. ತರಕಾರಿ ಗಾಡಿಯವನು "ನಾಟಿ ಟೊಮೇಟೊ" ಎಂದು ಕೂಗಿದರೆ ಮೇಲಿನಿಂದಲೇ ಪಾಠ ಶುರು. "ಟೊಮೇಟೊದಲ್ಲಿ ನಾಟಿ ಎಲ್ಲಿಂದ ಬಂತಪ್ಪಾ? ಟೊಮೇಟೊನೇ ಹೊರದೇಶದ್ದು. ನಿಮ್ಮ ತಾತನ ತಾತ ಅದನ್ನ ನೋಡೇ ಇರ್ಲಿಲ್ಲ."

"ಮೇಡಂ, ನಿಮಗೆ ಅರ್ಧ ಕೆಜಿ ಮಾರೋಕಿಂತ ಪಿಯುಸಿ ಪಾಸಾಗೋದು ಸುಲಭ" ಎಂದು ಅವನು ಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ಮರುದಿನ ಮತ್ತೆ ಅಲ್ಲೇ ನಿಂತು ನಾಟಿ ಎಂದೇ ಕೂಗುತ್ತಿದ್ದ.

ನಿಮ್ಮಿಬ್ಬರನ್ನೂ ಮೆಟ್ಟಿಲ ಮೇಲೆ ಕೂರಿಸಿಕೊಂಡು ನಾಲಿಗೆ ಸುರುಳಿ ಮಾಡಿಸುತ್ತಿದ್ದರು. ಸಿಂಚನಾ, ನಿನಗೆ ಬರುತ್ತಿತ್ತು. ಚಿರಾಗನಿಗೆ ಬಾರದೆ ಅಳು. "ಅಳಬೇಡ್ವೋ, ಇದು ಮಾರ್ಕ್ಸ್ ಅಲ್ಲ. ಬರೋದು ಒಂದು ಥರ, ಬರದೇ ಇರೋದು ಇನ್ನೊಂದು ಥರ, ಅಷ್ಟೆ" ಎನ್ನುತ್ತಿದ್ದರು. ಈ ಮಾತು ನನಗೆ ಬಹಳ ಹಿಡಿಸಿತ್ತು. ಮನಸ್ಸಿನಲ್ಲೇ ಮಂಜುಳನಿಗೂ ಅದನ್ನು ಹೊಂದಿಸಿ ನೋಡಿದ್ದೆ.

ಆದರೆ ಅದೇ ಬಾಯಲ್ಲಿ ಇನ್ನೊಂದು ಮಾತೂ ಬಂತು. ಒಂದು ದಿನ ನಮ್ಮ ಕಡೆಯವರ ಮದುವೆಯ ಕರೆಯೋಲೆ ನೋಡಿ, ಹುಡುಗಿ ತನ್ನ ತಾಯಿಯ ತಮ್ಮನನ್ನೇ ಮದುವೆಯಾಗುತ್ತಿದ್ದಾಳೆ ಎಂದು ತಿಳಿದು, ಹಣೆ ಚಚ್ಚಿಕೊಂಡರು. "ಜಯಮ್ಮೋರೇ, ಸೋದರಮಾವನ್ನ ಕಟ್ಕೊಳ್ಳೋ ಕಾಡುಜನ ಇನ್ನೂ ಇದ್ದಾರೇನ್ರೀ? ಇದೇ ಊರಲ್ಲಿ ಜೀನು ಓದೋ ಮಷೀನು ಬಂದಿದೆ, ಇವರು ಇನ್ನೂ ಅಲ್ಲೇ ಇದ್ದಾರೆ!"

ನಾನು ಅವರಿಗೆ ಕಾಫಿ ಕೊಡುತ್ತಿದ್ದೆ. ಲೋಟ ಕೊಟ್ಟು ಒಳಗೆ ಹೋದೆ. ನಾನು ಕಟ್ಟಿಕೊಂಡದ್ದು ನನ್ನ ತಾಯಿಯ ಅಣ್ಣನನ್ನೇ. ನಿಮ್ಮ ತಾತ ನನಗೆ ಮೊದಲು ಮಾವ, ಆಮೇಲೆ ಗಂಡ. ಈ ಮನೆ ಮದುವೆಗೆ ಮುಂಚೆ ನನಗೆ ಅಜ್ಜಿಯ ಮನೆ. ಅತ್ತೆ ಎಂದು ನಾನು ಸೇವೆ ಮಾಡಿದವರು ನನ್ನನ್ನು ಎತ್ತಿ ಆಡಿಸಿದ ಅಜ್ಜಿಯೇ. ನಮ್ಮಲ್ಲಿ ಅದು ಹಕ್ಕಿನ ಸಂಬಂಧ. ಹೊರಗೆ ಕೊಟ್ಟಿದ್ದರೆ ಜನ ಆಡಿಕೊಳ್ಳುತ್ತಿದ್ದರು. ಅದರಲ್ಲಿ ನಾಚಿಕೆ ಪಡುವಂಥದ್ದು ಇದೆ ಎಂದು ಅರವತ್ತು ವರ್ಷಕ್ಕೆ ಮೊದಲ ಸಲ ಅನ್ನಿಸಿದ್ದು ಆ ದಿನ. ಮೇಡಮ್ಮಿನ ಮೇಲೆ ನನಗಿರುವ ಮೊದಲ ಸಿಟ್ಟು ಅದು.

ಮುಂದಿನ ವರ್ಷ ಮಂಜುಳನ ಮದುವೆಯ ಮಾತು ಬಂತು. ಅವಳಿಗಾಗ ಇಪ್ಪತ್ತೆಂಟು, ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ಹುಡುಗನನ್ನು ಅವಳೇ ನೋಡಿಕೊಂಡಿದ್ದಳು. ಶಾಲೆಯಲ್ಲಿ ಅವಳಿಗಿಂತ ಎರಡು ವರ್ಷ ಮುಂದಿದ್ದವನು, ಅವನಿಗೂ ಕಿವಿ ಕೇಳದು. ಅರೆಕೆರೆಯಲ್ಲಿ ಮನೆ, ಪುಸ್ತಕದ ಬೈಂಡಿಂಗ್ ಕೆಲಸ. ಒಂದು ಭಾನುವಾರ ತಾಯಿಯ ಜೊತೆ ಬಂದ. ಮಂಜುಳನೂ ಅವನೂ ಎದುರುಬದುರು ಕುಳಿತು ಕೈಮಾತಿಗೆ ಶುರುಮಾಡಿದರೆ ನಮಗೆ ಯಾರಿಗೂ ಅದರ ವೇಗ ಹಿಡಿಯಲಾಗಲಿಲ್ಲ. ನನ್ನ ಮಗಳು ಇಷ್ಟು ಮಾತುಗಾತಿ ಎಂದು ನನಗೆ ಗೊತ್ತಾದದ್ದೇ ಆ ದಿನ.

ಅವರು ಹೋದ ಮೇಲೆ ನಿಮ್ಮಪ್ಪ ಬಾಗಿಲು ಹಾಕಿದ. "ಇಬ್ರೂ ಹಿಂಗೇ ಆದ್ರೆ ಹುಟ್ಟೋ ಮಗು ಗತಿ ಏನಮ್ಮಾ? ಸಾಕೋರು ಯಾರು, ನಾನಲ್ವಾ?" ಎಂದ. ಅವನನ್ನು ಕೆಟ್ಟವನೆಂದು ತಿಳಿಯಬೇಡಿ. ತಂಗಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನು, ಬೀದಿ ಹುಡುಗರು ಅವಳನ್ನು ಅಣಕಿಸಿದಾಗ ಹೊಡೆದಾಡಿ ಹಲ್ಲು ಮುರಿದುಕೊಂಡವನು. ಹೆದರಿದ್ದ. ಹೆದರಿಕೊಂಡೇ ಮಹಡಿಗೆ ಹೋಗಿ ಮೇಡಮ್ಮನ್ನು ಕೇಳಿದ.

ಮಾರನೆಯ ದಿನ ಮೇಡಂ ಬಿಳಿ ಹಾಳೆ, ಸ್ಕೇಲು, ಔಷಧಿ ಬಾಟಲಿಯ ಮುಚ್ಚಳ ಹಿಡಿದು ನನ್ನ ಎದುರಿಗೆ ಕುಳಿತರು. ನಮ್ಮ ವಂಶದ ನಕ್ಷೆ ಬರೆಯುತ್ತಾರಂತೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಿವಿ ಕೇಳದವರಿಗೆ ಕಪ್ಪು ತುಂಬುವುದು. ನಮ್ಮ ಹೊಲ ಲೇಔಟ್ ಆದಾಗ ಇಂಥದೇ ನಕ್ಷೆ ತಂದು ಜಗುಲಿಯ ಮೇಲೆ ಹರಡಿದ್ದರು. ಮಾರಿಹೋದ ಸೈಟುಗಳಿಗೆ ಹೀಗೇ ಕಪ್ಪು ತುಂಬಿತ್ತು. ನೋಡಿದರೆ ಅದೇ ನೆನಪಾಯಿತು.

"ನಿಮ್ಮ ಯಜಮಾನರು, ನೀವು, ಸಂಬಂಧದಲ್ಲೇ ಆದ್ರಾ?" ಎಂದು ಕೇಳಿದರು.

ಕಾಡುಜನ ಎಂದದ್ದು ಕಿವಿಯಲ್ಲಿತ್ತು. "ಇಲ್ಲ ಮೇಡಂ... ದೂರದ ಸಂಬಂಧ" ಎಂದೆ.

ಒಂದು ಸುಳ್ಳು. ಆಮೇಲಿನದೆಲ್ಲ ಅದರಿಂದಲೇ. ನನ್ನ ತಾಯಿಯ ಕಡೆ ಯಾರಿಗಾದರೂ ಹೀಗೆ ಇತ್ತೇ ಎಂದು ಕೇಳಿದರು. ನನ್ನ ಚಿಕ್ಕ ಮಾವನಿಗೆ ಇತ್ತು ಎಂದೆ. ಒಂದು ಚೌಕ ಬರೆದು ಕಪ್ಪು ತುಂಬಿದರು. ಯಜಮಾನರ ಕಡೆ? ಮೈದುನನಿಗೆ ಇತ್ತು ಎಂದೆ. ಆ ಕಡೆಯೂ ಒಂದು ಚೌಕ, ಅದಕ್ಕೂ ಕಪ್ಪು. ನನ್ನ ಚಿಕ್ಕ ಮಾವನೂ ನನ್ನ ಮೈದುನನೂ ಒಬ್ಬನೇ ಮನುಷ್ಯ, ನಿಮ್ಮ ತಾತನ ತಮ್ಮ. ಹುಬ್ಬಿನ ಮೇಲೆ ಎತ್ತು ತಿವಿದ ಗಾಯ ಇದ್ದವರು. ನಿಮಗೆ ಅವರ ನೆನಪಿರಲಾರದು. ಮೇಡಂ ಎರಡನೆಯ ಚೌಕಕ್ಕೆ ಮಸಿ ತುಂಬುವುದನ್ನು ನಾನು ನೋಡುತ್ತ ಕುಳಿತೆ. ಈಗ ಹೇಳೋಣ, ಈಗ ಹೇಳೋಣ ಎಂದುಕೊಂಡೆ. ಅವರು ಬೆರಳು ಊದಿಕೊಂಡು, "ನೋಡಿ, ಎಷ್ಟು ನೀಟಾಗಿ ಬಂತು" ಎಂದರು.

ಹಾಳೆ ಮಡಿಸಿ ನಿಮ್ಮಪ್ಪನ ಕೈಗೆ ಕೊಟ್ಟರು. ಯಾರಿಗೂ ತೋರಿಸಬೇಡಿ ಎಂದರು. ತೋರಿಸಬಾರದ್ದಾದರೆ ಕೊಟ್ಟದ್ದೇಕೆ? ನಲವತ್ತು ವರ್ಷ ಪಾಠ ಮಾಡಿದವರಿಗೆ ಬರೆದದ್ದನ್ನು ಒಬ್ಬರಿಗೆ ತೋರಿಸದೆ ಇರಲು ಆಗುತ್ತಿರಲಿಲ್ಲ, ಅಷ್ಟೆ. ಎರಡೇ ವಾರದಲ್ಲಿ ನಮ್ಮ ನೆಂಟರಿಗೆಲ್ಲ ಮುಟ್ಟಿತು. "ತಾಯಿ ಕಡೆನೂ ಇದೆಯಂತೆ, ತಂದೆ ಕಡೆನೂ ಇದೆಯಂತೆ. ಓದಿರೋರೇ ಬರ್ದುಕೊಟ್ಟಿದ್ದಾರೆ." ಅರೆಕೆರೆಯವರೆಗೂ ಹೋಯಿತು.

ಹುಡುಗನ ತಾಯಿ ಮತ್ತೊಮ್ಮೆ ಬಂದರು. ಮೇಡಮ್ಮನ್ನೂ ಕೆಳಗೆ ಕರೆದೆವು. ಆ ದಿನ ನಡುಮನೆಯಲ್ಲಿ ಆದ ಮಾತು ನನಗೆ ಒಂದೂ ಮರೆತಿಲ್ಲ. ಮಂಜುಳ ಕಿಟಕಿಯ ಹತ್ತಿರ ಕುಳಿತು ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದಳು.

"ನಮ್ಮ ಹುಡುಗನಿಗೆ ಹುಟ್ಟಿನಿಂದ ಇರ್ಲಿಲ್ಲ. ಮೂರನೇ ವರ್ಷಕ್ಕೆ ಜ್ವರ ಬಂದು ಹಿಂಗಾಯ್ತು" ಎಂದರು ಆ ತಾಯಿ.

"ಅದು ನಿಜ ಆದ್ರೆ ಹೆದರೋದೇ ಬೇಡ" ಎಂದರು ಮೇಡಂ. "ಅವನದು ಜೀನಿನಿಂದ ಬಂದಿದ್ದಲ್ಲ ಅಂದ್ರೆ ಮಗುಗೆ ಬರೋ ಸಂಭವ ತೀರಾ ಕಮ್ಮಿ. ಇಬ್ರದೂ ರಕ್ತ ಪರೀಕ್ಷೆ ಮಾಡ್ಸಿ. ಆಮೇಲೆ ಊಹೆ ಮಾಡೋದು ತಪ್ಪುತ್ತೆ."

"ಎಲ್ಲಾರೂ ಜ್ವರ ಅಂತಾನೇ ಹೇಳೋದು ಮೇಡಂ" ಎಂದ ನಿಮ್ಮಪ್ಪ.

ಆಕೆ ಎದ್ದು ನಿಂತರು. "ನಮ್ಮ ಹುಡುಗನ ರಕ್ತ ನೋಡೋಕೆ ನಾವೇನು ದನ ಹಿಡ್ಕೊಂಡು ಸಂತೆಗೆ ಬಂದಿದ್ದೀವಾ? ಹಲ್ಲೂ ಎಣಿಸ್ತೀರಾ?" ಕೊಟ್ಟ ಕಾಫಿಯನ್ನು ಮುಟ್ಟದೆ ಹೊರಟರು. ಮಂಜುಳ ಸೂಜಿ ಹಿಡಿದವಳು ಹಾಗೇ ಬಾಗಿಲು ನೋಡಿದಳು. ಏನಾಯಿತೆಂದು ನನ್ನನ್ನು ಕೇಳಿದಳು. ಆಮೇಲೆ ಹೇಳುತ್ತೇನೆ ಎಂದು ಕೈ ಆಡಿಸಿದೆ.

ನಿಮ್ಮಪ್ಪ ಬಿಡಲಿಲ್ಲ. "ಮೇಡಂ, ಈಗ ಆಸ್ಪತ್ರೇಲಿ ಮಗು ಪಿಂಡದಲ್ಲಿದ್ದಾಗಲೇ ಜೀನು ನೋಡಿ, ಚೆನ್ನಾಗಿರೋದನ್ನ ಆರಿಸಿ ಇಡ್ತಾರಂತಲ್ಲ. ಹಂಗೆ ಮಾಡ್ಸೋದಾದ್ರೆ ಮಾತಾಡೋಣ. ಅವರ ಕಾಲು ಬೇಕಾದ್ರೂ ಹಿಡೀತೀನಿ."

ಮೇಡಂ ಬೆರಳು ಊದಿಕೊಂಡರು. "ಆರಿಸಬಹುದು ರವಿ. ಯಾವ ಜೀನು ಅಂತ ಗೊತ್ತಾದ್ರೆ ಕೆಲವು ಸಲ ಆಗುತ್ತೆ. ಒಂದು ಕೇಳ್ಲಾ? ನಿಮ್ಮಮ್ಮ ಬಸುರಿ ಇದ್ದಾಗ ಈ ಸೌಲಭ್ಯ ಇದ್ದಿದ್ರೆ, ನೀವೆಲ್ಲ ಮಂಜುಳನ್ನ ಆರಿಸ್ತಿದ್ರಾ?"

ನಿಮ್ಮಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನಮ್ಮ ನಡುವೆ ಅವಳು ಹೊಲಿಯುತ್ತ ಕುಳಿತಿದ್ದಳು, ಅವಳ ವಿಷಯವೇ ಮಾತಾಡುತ್ತಿದ್ದೇವೆ ಎಂಬುದು ಅವಳಿಗೆ ಗೊತ್ತಿತ್ತು, ಏನು ಎಂಬುದು ಗೊತ್ತಿರಲಿಲ್ಲ. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಹೆತ್ತವಳು ನಾನು. ಅಲ್ಲಿ ಒಂದು ಅಕ್ಷರ ಹೇಳಬೇಕಿತ್ತು.

"ನಾನು ಕೇಳ್ದೆ ಅಷ್ಟೆ" ಎಂದು ಮೇಡಂ ಎದ್ದರು. "ಗೊತ್ತಿರೋದು ಹೇಳೋದು ನನ್ನ ಕೆಲಸ. ತೀರ್ಮಾನ ನಿಮ್ದು."

ಇದು ಅವರ ಮಂತ್ರ. ಎಂಟು ವರ್ಷದಲ್ಲಿ ನೂರು ಸಲ ಕೇಳಿರಬೇಕು. ಮನೆಗೆ ಬೆಂಕಿ ಬಿದ್ದರೂ ಇಷ್ಟು ಡಿಗ್ರಿ ಶಾಖ ಇದೆ, ತೀರ್ಮಾನ ನಿಮ್ಮದು ಎಂದು ಮೆಟ್ಟಿಲು ಹತ್ತಿಬಿಡುತ್ತಾರೆ ಎನ್ನಿಸುತ್ತಿತ್ತು. ಅಂಥ ಪ್ರಶ್ನೆ ಕೇಳಲು ಬಂದವರಿಗೆ ನಿಂತು ಉತ್ತರ ಕೇಳಿಸಿಕೊಳ್ಳಲು ಏನಾಗಿತ್ತು? ಅವರು ಇನ್ನೊಂದು ಗಳಿಗೆ ಕುಳಿತಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಇದು ನಾನು ನನಗೇ ಹೇಳಿಕೊಳ್ಳುವ ಸಮಾಧಾನವೂ ಇರಬಹುದು.

ಆ ಹಾಳೆ ಟಿವಿಯ ಕೆಳಗೆ ಪಂಚಾಂಗದ ಜೊತೆ ಬಿದ್ದಿತ್ತು. ಧೂಳು ಹೊಡೆಯುವಾಗ ಮಂಜುಳನ ಕೈಗೆ ಸಿಕ್ಕಿತು. ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ, ಬಂದು ರಟ್ಟೆ ಹಿಡಿದು ಎಬ್ಬಿಸಿ ಮಹಡಿಗೆ ಎಳೆದುಕೊಂಡೇ ಹೋದಳು. ಮೇಡಂ ಬಟಾಣಿ ಗಿಡಕ್ಕೆ ನೀರು ಹಾಕುತ್ತಿದ್ದರು. ಹಾಳೆಯನ್ನು ಅವರ ಮುಂದೆ ಹರಡಿ, ಚೌಕದ ಪಕ್ಕ ಬರೆದಿದ್ದ ಚಿಕ್ಕ ಮಾವ ಎಂಬ ಅಕ್ಷರದ ಮೇಲೆ ಬೆರಳಿಟ್ಟಳು. ಹುಬ್ಬಿನ ಮೇಲೆ ಗೆರೆ ಎಳೆದು ತೋರಿಸಿದಳು. ಆ ಕಡೆಯ ಮೈದುನ ಎಂಬಲ್ಲಿ ಬೆರಳಿಟ್ಟಳು. ಮತ್ತೆ ಹುಬ್ಬಿನ ಮೇಲೆ ಅದೇ ಗೆರೆ. ಆಮೇಲೆ ಒಂದೇ ಬೆರಳು ಎತ್ತಿ ಹಿಡಿದಳು.

ನಮ್ಮ ಬಾಯಿಮಾತಿನಲ್ಲಿ ಒಬ್ಬ ಮನುಷ್ಯ ನನಗೆ ಮಾವ, ಮೈದುನ, ಅವಳಿಗೆ ಚಿಕ್ಕಪ್ಪ, ನಿಮಗೆ ಚಿಕ್ಕ ತಾತ. ಅವಳ ಕೈಮಾತಿನಲ್ಲಿ ಅವರು ಯಾವತ್ತೂ ಹುಬ್ಬಿನ ಗಾಯವೇ. ಅವಳಿಗೆ ಮೋಸ ಮಾಡಲು ಆಗಲಿಲ್ಲ.

"ಏನಂತಾಳೆ ಜಯಮ್ಮೋರೇ?" ಎಂದರು ಮೇಡಂ.

ಮಂಜುಳ ನನ್ನ ತೋಳು ಅಲುಗಿಸಿದಳು. ಹೇಳು. ಅವಳ ಮಾತನ್ನು ಅವರಿಗೆ ಹೇಳಲು ಅಲ್ಲಿ ಇದ್ದವಳು ನಾನೊಬ್ಬಳೇ.

"ಇವರಿಬ್ರೂ ಒಬ್ರೇ ಅಂತಾಳೆ ಮೇಡಂ. ನಿಜ. ನಮ್ಮ ಯಜಮಾನ್ರು ನಮ್ಮಮ್ಮನ ಅಣ್ಣ."

ಮೇಡಂ ಹಾಳೆ ನೋಡಿದರು. ಕಾಡುಜನ ಎಂದದ್ದು ಅವರಿಗೂ ನೆನಪಾಗಿರಬೇಕು, ಮುಖ ಕೆಂಪಾಯಿತು. ಸ್ಕೇಲು ತಂದು ಒಂದು ಕಪ್ಪು ಚೌಕವನ್ನು ಅಡ್ಡಗೆರೆ ಎಳೆದು ಹೊಡೆದರು. ನನಗೂ ನಿಮ್ಮ ತಾತನಿಗೂ ನಡುವೆ ಇದ್ದ ಒಂದು ಗೆರೆಯ ಕೆಳಗೆ ಇನ್ನೊಂದು ಎಳೆದರು. "ರಕ್ತಸಂಬಂಧದಲ್ಲಿ ಮದುವೆ ಆದ್ರೆ ಎರಡು ಗೆರೆ. ಗುರುತು ರೀ ಇದು. ತಪ್ಪು ಅಂತ ಅಲ್ಲ" ಎಂದರು. ತಪ್ಪಲ್ಲ ಎಂದು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ ನನಗೆ ಇನ್ನೂ ನಾಚಿಕೆಯಾಯಿತು.

ಮಂಜುಳನದು ಮುಗಿದಿರಲಿಲ್ಲ. ತನ್ನದೇ ವೃತ್ತವನ್ನು ತೋರಿಸಿದಳು. ಸುತ್ತ ಎಲ್ಲರದೂ ಬಿಳಿ, ಚಿಕ್ಕಪ್ಪನಿಗೂ ನನಗೂ ಮಾತ್ರ ಒಳಗೆ ಯಾಕೆ ಕಪ್ಪು ಎಂದು ಕೇಳಿದಳು. ಅದನ್ನೂ ನಾನೇ ಹೇಳಿದೆ.

"ಪುಸ್ತಕದಲ್ಲಿ ಹಂಗೇ ಹಾಕೋದು..." ಎಂದು ಶುರುಮಾಡಿ ಮೇಡಂ ನಿಲ್ಲಿಸಿಬಿಟ್ಟರು. ಸ್ಕೇಲು ಕೆಳಗಿಟ್ಟು, "ನಲವತ್ತು ವರ್ಷ ಇದನ್ನ ಬೋರ್ಡ್ ಮೇಲೆ ಬರೆದಿದ್ದೀನಿ ಜಯಮ್ಮೋರೇ. ಆ ಕಪ್ಪೊಳಗಿಂದ ಯಾರೂ ತಿರುಗಿ ಪ್ರಶ್ನೆ ಕೇಳಿರ್ಲಿಲ್ಲ" ಎಂದರು. ಆಮೇಲೆ, "ಮದುವೆ ಅವಳದು. ಇಷ್ಟು ದಿನದಲ್ಲಿ ಅವಳನ್ನ ಒಂದು ಮಾತು ಯಾರಾದ್ರೂ ಕೇಳಿದೀವೇನ್ರೀ?" ಎಂದರು.

ಕೇಳಿರಲಿಲ್ಲ.

ಕ್ಷಮೆ ಕೇಳುವುದನ್ನು ಕೈಯಲ್ಲಿ ಹೇಗೆ ಹೇಳುತ್ತಾರೆ ಎಂದು ನನ್ನನ್ನು ಕೇಳಿ ತಿಳಿದುಕೊಂಡರು. ಎದೆಯ ಮೇಲೆ ಮುಷ್ಟಿ ಇಟ್ಟು ಸುತ್ತಬೇಕು. ಅವರು ಗಡಿಬಿಡಿಯಲ್ಲಿ ಹೊಟ್ಟೆಯ ಮೇಲೆ ಸುತ್ತಿದರು. ಮಂಜುಳ ಅಷ್ಟು ಸಿಟ್ಟಿನಲ್ಲೂ ನಕ್ಕುಬಿಟ್ಟಳು. ಅವರ ಕೈ ಹಿಡಿದು ಮೇಲೆತ್ತಿ ಸರಿಯಾದ ಜಾಗದಲ್ಲಿ ಇಟ್ಟಳು. ಮೇಡಂ ಮತ್ತೆ ಸರಿಯಾಗಿ ಕೇಳಿದರು.

ಸಂಜೆ ಅವರೇ ಕೆಳಗಿಳಿದು ಬಂದು ನಿಮ್ಮಪ್ಪನಿಗೆ ಹೇಳಿದರು. "ರವಿ, ನಾನು ಬರೆದದ್ದು ತಪ್ಪು. ಎರಡು ಕಡೆ ಇಲ್ಲ, ಇರೋದು ಒಂದೇ ಮನೆ."

"ಗೊತ್ತು ಮೇಡಂ" ಎಂದ ಅವನು. "ನಮ್ಮಪ್ಪ ಅಮ್ಮ ಯಾರು ಅಂತ ನಂಗೊತ್ತಿಲ್ವಾ?"

"ಮತ್ತೆ ಹೇಳ್ಳಿಲ್ಲ?"

"ಹೇಳಿ ಏನಾಗ್ಬೇಕಿತ್ತು? ಒಂದಿದ್ರೂ ಹೆದರಿಕೆನೇ, ಎರಡಿದ್ರೂ ಹೆದರಿಕೆನೇ."

"ಲೆಕ್ಕ ಸರಿ ಇದ್ರೂ ತಪ್ಪಾದ್ರೂ ನಿನ್ನ ಉತ್ತರ ಒಂದೇ ಅಂದ್ರೆ ನನ್ನ ಹತ್ರ ಯಾಕಪ್ಪಾ ಬಂದೆ?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಬೇಡ ಎನ್ನಲು ಅವನಿಗೆ ತನ್ನದಲ್ಲದ ಒಂದು ಬಾಯಿ ಬೇಕಿತ್ತು. ಹಿಂದೆ ಜೋಯಿಸರ ಹತ್ತಿರ ಹೋಗುತ್ತಿದ್ದೆವು, ಈಗ ಮೇಡಂ. ಅವರು ಆ ದಿನ ಮೊದಲ ಸಲ ತೀರ್ಮಾನ ನಿಮ್ಮದು ಎನ್ನಲಿಲ್ಲ. "ಆ ಹುಡುಗನ ಮನೆಗೆ ಹೋಗೋಣ ನಡಿ, ತಪ್ಪು ಒಪ್ಕೊಳ್ಳೋಣ" ಎಂದರು. ನಿಮ್ಮಪ್ಪ ನೋಡೋಣ ಎಂದ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಏನೆಂದು ನಿಮಗೆ ಗೊತ್ತು. ಮೇಡಂ ಕಾದು ಕಾದು, ಒಬ್ಬರೇ ಬಸ್ಸು ಹತ್ತಿ ಅರೆಕೆರೆಗೆ ಹೋಗಿ ಬಂದರು. ಚಪ್ಪಲಿ ಬಿಡುತ್ತಾ, "ಹುಡುಗನಿಗೆ ಬೇರೆ ಕಡೆ ನಿಶ್ಚಯ ಆಗ್ಬಿಟ್ಟಿದೆ ಜಯಮ್ಮೋರೇ. ಹದಿನೈದು ದಿನ ಆಯ್ತಂತೆ" ಎಂದರು. ಮೆಟ್ಟಿಲು ಹತ್ತದೆ ಅಲ್ಲೇ ಕುಳಿತುಬಿಟ್ಟರು. ಆ ವರ್ಷ ಬಟಾಣಿ ಹಾಕಲಿಲ್ಲ. ಮುಂದಿನ ವರ್ಷ ಜೆಪಿ ನಗರದಲ್ಲಿ ತಂಗಿಯ ಮಗಳ ಮನೆಗೆ ಹೋದರು.

ಮಂಜುಳ ಮತ್ತೆ ಯಾರನ್ನೂ ನೋಡಲಿಲ್ಲ. ಅತ್ತೆ ಯಾಕೆ ಮದುವೆ ಆಗಿಲ್ಲ ಎಂದು ನೀವು ಕೇಳಿದಾಗೆಲ್ಲ, ಅವಳಿಗೆ ಇಷ್ಟ ಇರಲಿಲ್ಲ ಎಂದು ನಿಮಗೂ ಸುಳ್ಳು ಹೇಳಿದ್ದೇನೆ.

ಎರಡು ವರ್ಷದ ಹಿಂದೆ ಆ ಹುಡುಗನನ್ನು ಬನಶಂಕರಿ ಬಸ್ ನಿಲ್ದಾಣದಲ್ಲಿ ಕಂಡೆ. ಏಳೆಂಟು ವರ್ಷದ ಮಗಳು ಜೊತೆಗಿದ್ದಳು. ಅಪ್ಪ ಮಗಳಿಗೆ ಐಸ್ ಕ್ಯಾಂಡಿಯ ವಿಷಯಕ್ಕೆ ಜಗಳ, ಎಲ್ಲಾ ಕೈಯಲ್ಲೇ. ಅವಳು ಸೊಂಟದ ಮೇಲೆ ಕೈಯಿಟ್ಟು ಮುಖ ತಿರುಗಿಸಿದಳು. ನೋಡದಿದ್ದರೆ ಕೈಮಾತು ಹೇಗೆ ತಲುಪೀತು, ಅವನು ಪ್ರದಕ್ಷಿಣೆ ಹಾಕಿದ ಹಾಗೆ ಅವಳ ಸುತ್ತ ತಿರುಗಿ ತಿರುಗಿ ಬೇಡಿಕೊಳ್ಳುತ್ತಿದ್ದ. ಕೊನೆಗೆ ಇಬ್ಬರೂ ನಕ್ಕರು. ಆ ಮಗುವಿಗೆ ಕಿವಿ ಕೇಳುತ್ತಿತ್ತೋ ಇಲ್ಲವೋ, ಎಷ್ಟು ಹೊತ್ತು ನೋಡಿದರೂ ನನಗೆ ತಿಳಿಯಲಿಲ್ಲ. ನನ್ನ ಬಸ್ಸು ಬಂದು ಹೋಯಿತು. ಇದಕ್ಕೋಸ್ಕರವಾ ನಾವು ಹೆದರಿದ್ದು ಎಂದು ಅಲ್ಲೇ ಯಾರನ್ನಾದರೂ ಹಿಡಿದು ಕೇಳಬೇಕೆನ್ನಿಸಿತು. ಯಾರನ್ನು ಕೇಳಲಿ?

ಮುಂದೆ ನಿಮ್ಮ ಕಾಲಕ್ಕೆ ಜಾತಕದ ಜೊತೆ ಜೀನಿನ ರಿಪೋರ್ಟನ್ನೂ ಕೇಳುತ್ತಾರಂತೆ. ಕೇಳಲಿ. ನನ್ನದೂ ನಿಮ್ಮ ತಾತನದೂ ಎರಡು ಗೆರೆ ಎಂದು ಧೈರ್ಯವಾಗಿ ಹೇಳಿ, ಮುಚ್ಚಿಡಬೇಡಿ. ನಾನು ಮುಚ್ಚಿಟ್ಟದ್ದು ಸಾಕು.

ಮೇಡಂ ಹೋದ ಸುದ್ದಿಯನ್ನು ಆ ಬೆಳಿಗ್ಗೆ ನಾನೇ ಮಂಜುಳನ ಕೋಣೆಗೆ ಹೋಗಿ ತಿಳಿಸಿದೆ. ಬೆರಳು ಜೋಡಿಸಿ ಊದಿದೆ, ಆಮೇಲೆ ಕೈ ಮೇಲಕ್ಕೆತ್ತಿ ತೋರಿಸಿದೆ. ಅವಳು ಕತ್ತರಿ ಕೆಳಗಿಟ್ಟಳು. ಹೊಟ್ಟೆಯ ಮೇಲೆ ಮುಷ್ಟಿ ಇಟ್ಟು ಸುತ್ತಿದಳು, ಮೇಡಂ ತಪ್ಪಾಗಿ ಮಾಡಿದ್ದರಲ್ಲ, ಹಾಗೇ. ಸ್ವಲ್ಪ ನಕ್ಕಳು. ಅವರು ಕ್ಷಮೆ ಕೇಳಿದ್ದರು ಎಂದಳು. ಆಮೇಲೆ ನನ್ನನ್ನೇ ನೋಡುತ್ತ ಕುಳಿತಳು. ನಾನು ಹಾಲು ಉಕ್ಕುತ್ತದೆ ಎಂದು ಅಡುಗೆಮನೆಗೆ ಬಂದುಬಿಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಅವಳಿಗೆ ಕನ್ನಡ ಓದಲು ಬರುತ್ತದೆ, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಅದಕ್ಕೇ ಇಷ್ಟು ಬಿಡಿಸಿ ಬರೆದಿದ್ದೇನೆ. ಈ ಹಾಳೆಗಳನ್ನು ಮೊದಲು ಅವಳ ಹೊಲಿಗೆ ಮಷೀನಿನ ಮೇಲೆ ಇಡುತ್ತೇನೆ. ಹಾಲು, ಒಲೆ ಎನ್ನದೆ ಅವಳು ಓದಿ ಮುಗಿಸುವವರೆಗೆ ಎದುರಿಗೇ ಕುಳಿತಿರುತ್ತೇನೆ. ಮುಂದೆ ಇದನ್ನು ನಿಮಗೆ ಕೊಡುವುದೋ ಬಿಡುವುದೋ ಅವಳನ್ನೇ ಕೇಳುತ್ತೇನೆ. ನಿಮ್ಮ ಕೈಗೆ ಬಂದಿದ್ದರೆ ಅವಳೇ ಕೊಟ್ಟಿದ್ದಾಳೆ ಎಂದು ತಿಳಿಯಿರಿ.